ಹಳೇ ಟರ್ಬೊ ಕಾರು, ಬೂಸ್ಟ್ ಏರಿಸಿದ್ದೇನೆ: ಯಾವ ಎಂಜಿನ್ ಆಯಿಲ್ ಹಾಕಲಿ?

ಹಳೇಟರ್ಬೊ:

ಎಲ್ಲರಿಗೂ ನಮಸ್ಕಾರ. ನನ್ನದು 1994ರ ವೋಲ್ವೊ 940 ಟರ್ಬೊ. ಎಂಜಿನ್ ಬಿ230ಎಫ್‌ಟಿ, 2.3 ಲೀಟರ್, ನಾಲ್ಕು ಸಿಲಿಂಡರ್, ಎಂಟು ವಾಲ್ವ್. ಮೂರು ಲಕ್ಷ ಕಿಲೋಮೀಟರ್ ದಾಟಿದೆ. ಬ್ಲಾಕ್ ಇದುವರೆಗೆ ಬಿಚ್ಚಿಲ್ಲ. ಹೆಡ್ ಒಮ್ಮೆ ಇಳಿಸಿ ಗ್ಯಾಸ್ಕೆಟ್ ಮತ್ತು ವಾಲ್ವ್ ಸೀಲ್ ಹೊಸದು ಹಾಕಿಸಿದ್ದೇನೆ.

ಮಾಡಿಸಿರುವ ಬದಲಾವಣೆ: ಕಾರಿನ ಜೊತೆ ಬಂದ 13ಸಿ ಟರ್ಬೊ ತೆಗೆದು ಟಿಡಿ04ಎಚ್‌ಎಲ್-16ಟಿ ಕೂರಿಸಿದ್ದೇನೆ. ದೊಡ್ಡ ಇಂಜೆಕ್ಟರ್, ಚಿಪ್ ಟ್ಯೂನ್, 3 ಇಂಚಿನ ಎಕ್ಸಾಸ್ಟ್, ಮುಂದುಗಡೆ ಗಾಳಿಗೆ ಸಿಗುವ ಹಾಗೆ ಥರ್ಮೋಸ್ಟಾಟ್ ಇರುವ ಆಯಿಲ್ ಕೂಲರ್. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) 1 ಬಾರ್‌ಗೆ ನಿಲ್ಲಿಸಿದ್ದೇನೆ, ಅದಕ್ಕಿಂತ ಮೇಲೆ ಹೋಗುವ ಆಸೆ ಇಲ್ಲ. ದಿನಬಳಕೆಯ ಕಾರು ಇದು. ಆಗಾಗ ಟ್ರ್ಯಾಕ್‌ಗೂ ಒಯ್ಯುತ್ತೇನೆ.

ಗೇಜ್ ಹಾಕಿಸಿದ್ದರಿಂದ ಅಂಕಿ ಕೊಡಬಲ್ಲೆ. ಆಯಿಲ್ ಒತ್ತಡ ತಣ್ಣಗೆ ಸ್ಟಾರ್ಟ್ ಮಾಡಿದಾಗ ಐಡಲ್‌ನಲ್ಲಿ 4.5 ಬಾರ್. ಪೂರ್ತಿ ಬಿಸಿಯಾದ ಮೇಲೆ ಐಡಲ್‌ನಲ್ಲಿ 1.1, 3000 ಆರ್‌ಪಿಎಂನಲ್ಲಿ 3.3. ಹೆದ್ದಾರಿಯಲ್ಲಿ ಸಂಪ್‌ನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಆಯಿಲ್ 95ರಿಂದ 100 ಡಿಗ್ರಿ. ಟ್ರ್ಯಾಕ್‌ನಲ್ಲಿ ಬಿಡದೆ ಓಡಿಸಿದರೆ 126ರ ತನಕ ಹೋಗುತ್ತದೆ. ಆಗ 3000 ಆರ್‌ಪಿಎಂ ಒತ್ತಡ 2.6ಕ್ಕೆ ಇಳಿಯುತ್ತದೆ.

ಈಗ ಇರುವುದು 10ಡಬ್ಲ್ಯು-40 ಸೆಮಿ ಸಿಂಥೆಟಿಕ್, 5000 ಕಿಲೋಮೀಟರಿಗೆ ಬದಲಾವಣೆ. ಚಳಿಗಾಲದಲ್ಲೂ ನನ್ನ ಕಡೆ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ.

ಎರಡು ತೊಂದರೆ ಇವೆ. ಹಿಂದಿನ ಕ್ರ್ಯಾಂಕ್ ಸೀಲ್ ಹತ್ತಿರ ಆಯಿಲ್ ಜಿನುಗುತ್ತದೆ. ತುಂಬ ಹೊತ್ತು ಐಡಲ್‌ನಲ್ಲಿ ನಿಂತು ಆಮೇಲೆ ಆಕ್ಸಿಲರೇಟರ್ ಒತ್ತಿದರೆ ಒಂದು ಗುಕ್ಕು ನೀಲಿ ಹೊಗೆ ಬರುತ್ತದೆ.

ಕೇಳಿದಲ್ಲೆಲ್ಲ ಬೇರೆ ಬೇರೆ ಉತ್ತರ. ಒಬ್ಬರು 10ಡಬ್ಲ್ಯು-60 ಬಿಟ್ಟು ಬೇರೆ ಹಾಕಲೇಬೇಡ ಅಂತಾರೆ. ಇನ್ನೊಬ್ಬರು 15ಡಬ್ಲ್ಯು-40 ಡೀಸೆಲ್ ಆಯಿಲ್ ಅಂತಾರೆ. ಮೂರನೆಯವರು ಎಪಿಐ ಎಸ್‌ಪಿ ದರ್ಜೆಯ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಆಯಿಲ್ ಗುಣಮಟ್ಟ) 5ಡಬ್ಲ್ಯು-30 ಎಲ್ಲಕ್ಕಿಂತ ಒಳ್ಳೆಯದು ಅಂತಾರೆ. ಯಾರ ಮಾತು ಕೇಳಬೇಕೋ ತಿಳಿಯುತ್ತಿಲ್ಲ. ಈ ಎಂಜಿನ್ ನನಗೆ ಬಹಳ ಬೇಕಾದದ್ದು. ಕಾರಣ ಸಮೇತ ಯಾರಾದರೂ ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಗೇರ್‌ಪೆಟ್ಟಿಗೆ:

ನಾನೂ 10ಡಬ್ಲ್ಯು-60 ಕಡೆಗೇ. ಬೂಸ್ಟ್ ಏರಿಸಿದರೆ ಬೇರಿಂಗ್ ಮೇಲಿನ ಭಾರ ಏರುತ್ತದೆ, ಭಾರ ಏರಿದರೆ ಆಯಿಲ್ ಪದರ ಗಟ್ಟಿಯಾಗಿರಬೇಕು. ನನ್ನ ಹಳೇ ಟರ್ಬೊಗೆ ಅದನ್ನೇ ಹಾಕುತ್ತೇನೆ, ಬಿಸಿ ಐಡಲ್‌ನಲ್ಲೂ ಒತ್ತಡ 2 ಬಾರ್ ತೋರಿಸುತ್ತದೆ. ಗೇಜ್ ಮೇಲೆ ನಿಂತಿರುವುದನ್ನು ನೋಡಿದರೆ ನೆಮ್ಮದಿ.

ಕ್ರ್ಯಾಂಕ್‌ಕೇಸ್:

ಹಳೇಟರ್ಬೊ ಅವರೇ, ಆಯಿಲ್ ಬಗ್ಗೆ ಕೇಳುವವರಲ್ಲಿ ಹೆಚ್ಚಿನವರು ಬ್ರ್ಯಾಂಡ್ ಹೆಸರು ಬರೆಯುತ್ತಾರೆ, ಉಷ್ಣಾಂಶ ಬರೆಯುವುದಿಲ್ಲ. ನೀವು ಒತ್ತಡ, ಉಷ್ಣಾಂಶ ಎರಡೂ ಕೊಟ್ಟಿದ್ದೀರಿ. ಹಾಗಾಗಿ ಊಹೆಯ ಮೇಲೆ ಮಾತಾಡಬೇಕಾಗಿಲ್ಲ. ನಾನು ಎಂಜಿನ್ ಬಿಚ್ಚಿ ಜೋಡಿಸುವ ಕೆಲಸದವನು. ಕೆಟ್ಟ ಬೇರಿಂಗ್ ಶೆಲ್‌ಗಳನ್ನು ಕೈಯಲ್ಲಿ ಹಿಡಿದು ನೋಡಿದ ಅನುಭವದಿಂದ ಹೇಳುತ್ತಿದ್ದೇನೆ.

ಡಬ್ಬದ ಮೇಲೆ ಡಬ್ಲ್ಯು ಜೊತೆಗಿನ ಮೊದಲ ಸಂಖ್ಯೆ ಚಳಿಯಲ್ಲಿನ ಹರಿವಿನದು. ಎರಡನೇ ಸಂಖ್ಯೆ ಎಂದರೆ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದವಾಗಿರಬೇಕು ಎಂಬ ಮಿತಿ. 30ಕ್ಕೆ 9.3ರಿಂದ 12.5 ಸೆಂಟಿಸ್ಟೋಕ್ಸ್ (ಮಂದತನದ ಅಳತೆ), 40ಕ್ಕೆ 12.5ರಿಂದ 16.3, 50ಕ್ಕೆ 16.3ರಿಂದ 21.9, 60ಕ್ಕೆ 21.9ರಿಂದ 26.1. ಇದು ಎಸ್‌ಎಇ ಜೆ300 ಮಾನದಂಡ. ಆದರೆ ನಿಮ್ಮ ಆಯಿಲ್ ಯಾವಾಗಲೂ 100 ಡಿಗ್ರಿಯಲ್ಲಿ ಇರುವುದಿಲ್ಲ, ಪ್ರಶ್ನೆ ಶುರುವಾಗುವುದೇ ಅಲ್ಲಿ. ಸಾಮಾನ್ಯ 5ಡಬ್ಲ್ಯು-40 ಒಂದನ್ನು ತೆಗೆದುಕೊಳ್ಳಿ, 100 ಡಿಗ್ರಿಯಲ್ಲಿ 14 ಇದೆ ಅಂತಿಟ್ಟುಕೊಳ್ಳಿ. ನಿಮ್ಮ 126 ಡಿಗ್ರಿಗೆ ಲೆಕ್ಕ ಹಾಕಿದರೆ ಅದು ಸುಮಾರು 8.5ಕ್ಕೆ ಇಳಿಯುತ್ತದೆ. ಅಂದರೆ ಹೆದ್ದಾರಿಯಲ್ಲಿ ಆರಾಮಾಗಿ ಹೋಗುವ 30 ಆಯಿಲ್‌ಗಿಂತಲೂ ತೆಳು. 30 ಆಯಿಲನ್ನೇ ಹಾಕಿ ಟ್ರ್ಯಾಕ್‌ಗೆ ಹೋಗಿದ್ದರೆ ಸುಮಾರು 6.5. ಸಂಪ್‌ನಲ್ಲಿ 126 ಅಂದರೆ ಕನೆಕ್ಟಿಂಗ್ ರಾಡ್ ಬೇರಿಂಗ್ ಒಳಗಿನ ಪದರ ಅದಕ್ಕಿಂತ ಬಿಸಿ ಇರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಬೇರಿಂಗ್ ಒಳಗೆ ಆಯಿಲ್ ಸುಮ್ಮನೆ ಹರಿಯುವುದಿಲ್ಲ, ಅತಿ ವೇಗದಲ್ಲಿ ಉಜ್ಜಿಸಿಕೊಳ್ಳುತ್ತದೆ. ಆ ಸ್ಥಿತಿಯನ್ನು ಅಳೆಯಲು ಎಚ್‌ಟಿಎಚ್‌ಎಸ್ ಎಂಬ ಪರೀಕ್ಷೆ ಇದೆ. 150 ಡಿಗ್ರಿ ಬಿಸಿ ಮತ್ತು ತೀವ್ರ ಉಜ್ಜಾಟದಲ್ಲಿ ಆಯಿಲ್‌ನಲ್ಲಿ ಎಷ್ಟು ಮಂದತನ ಉಳಿದಿದೆ ಎಂದು ನೋಡುತ್ತಾರೆ. ಟರ್ಬೊ ಎಂಜಿನ್‌ಗೆ ಆಯಿಲ್ ಆರಿಸುವಾಗ ನಾನು ಮೊದಲು ಹುಡುಕುವ ಅಂಕಿ ಇದೇ. ನಿಮ್ಮಂಥ ಎಂಜಿನ್‌ಗೆ 3.5 ಮಿಲಿಪಾಸ್ಕಲ್ ಸೆಕೆಂಡ್‌ಗಿಂತ ಕಡಿಮೆ ಇರುವ ಆಯಿಲನ್ನು ನಾನು ಹಾಕುವುದಿಲ್ಲ.

ಆ 5ಡಬ್ಲ್ಯು-30 ಸಲಹೆಯನ್ನು ನೋಡಬೇಕಾದದ್ದೂ ಇಲ್ಲಿಯೇ. 5ಡಬ್ಲ್ಯು-30 ಎಂದು ಬರೆದ ಎಲ್ಲ ಆಯಿಲ್ ಒಂದೇ ಅಲ್ಲ. ಇಂಧನ ಉಳಿಸಲೆಂದು ಮಾಡಿದ 5ಡಬ್ಲ್ಯು-30ಗೆ ಎಚ್‌ಟಿಎಚ್‌ಎಸ್ 2.9 ಮುಟ್ಟಿದರೆ ಸಾಕು. ಅದೇ ಸಂಖ್ಯೆ ಹೊತ್ತ ಇನ್ನೊಂದು ಡಬ್ಬದಲ್ಲಿ ಎಸಿಇಎ ಎ3/ಬಿ4 (ಯುರೋಪಿನ ಕಾರು ತಯಾರಕರ ಆಯಿಲ್ ಗುಣಮಟ್ಟ) ಅಂತಿದ್ದರೆ ಅದು 3.5 ದಾಟಲೇಬೇಕು. ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ಹಿಂಭಾಗದ ಸಣ್ಣ ಅಕ್ಷರ ಓದಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಗೇರ್‌ಪೆಟ್ಟಿಗೆ ಅವರು ಹೇಳಿದ 10ಡಬ್ಲ್ಯು-60 ವಿಷಯ. ಬಿಸಿಯಲ್ಲಿ ಅದು ನಿಲ್ಲುತ್ತದೆ ಎನ್ನುವುದು ನಿಜ, 126 ಡಿಗ್ರಿಯಲ್ಲೂ 13ರ ಆಸುಪಾಸು ಇರುತ್ತದೆ. ಆದರೆ ಬೆಳಿಗ್ಗೆ ಏನಾಗುತ್ತದೆ ನೋಡಿ. 20 ಡಿಗ್ರಿಯಲ್ಲಿ 5ಡಬ್ಲ್ಯು-40 ಸುಮಾರು 215 ಸೆಂಟಿಸ್ಟೋಕ್ಸ್ ಇದ್ದರೆ 10ಡಬ್ಲ್ಯು-60 ಸುಮಾರು 430, ಎರಡು ಪಟ್ಟು. ಅಷ್ಟು ಮಂದ ಆಯಿಲ್ ಫಿಲ್ಟರ್ ಕಾಗದದ ಮೂಲಕ ನುಗ್ಗಲಾರದೆ ಬೈಪಾಸ್ ವಾಲ್ವ್ ತೆರೆಯುತ್ತದೆ, ಸೋಸದ ಆಯಿಲ್ ಬೇರಿಂಗ್‌ಗೆ ಹೋಗುತ್ತದೆ. ಪಂಪ್‌ನ ರಿಲೀಫ್ ವಾಲ್ವ್ ತೆರೆದು ಒಂದಷ್ಟು ವಾಪಸ್ ಸಂಪ್‌ಗೆ ಬೀಳುತ್ತದೆ. ಟರ್ಬೊ ಇರುವುದು ಆಯಿಲ್ ದಾರಿಯ ತುದಿಯಲ್ಲಿ, ಸಣ್ಣ ಪೈಪ್‌ನ ಆಚೆ. ಅದಕ್ಕೆ ಆಯಿಲ್ ಮುಟ್ಟುವುದು ಕಡೆಗೆ. ಅಷ್ಟರಲ್ಲಿ ಅದರ ಶಾಫ್ಟ್ ತಿರುಗಲು ಶುರುವಾಗಿರುತ್ತದೆ.

ಗೇಜ್ ಒತ್ತಡ ತೋರಿಸುತ್ತದೆ, ಹರಿವು ತೋರಿಸುವುದಿಲ್ಲ. ಮಂದ ಆಯಿಲ್ ಬೇರಿಂಗ್‌ನ ಅದೇ ಸಂದಿಯಲ್ಲಿ ನಿಧಾನ ಹರಿಯುತ್ತದೆ, ಅದಕ್ಕೇ ಒತ್ತಡ ಹೆಚ್ಚು ಕಾಣುತ್ತದೆ. ಬೇರಿಂಗ್ ತಂಪಾಗುವುದು ಹರಿವಿನಿಂದ. 2 ಬಾರ್ ಕಂಡರೆ ನೆಮ್ಮದಿ ಎಂದು ನೀವು ಹೇಳಿದ್ದು ನನಗೆ ಅರ್ಥವಾಗುತ್ತದೆ, ಆದರೆ ಆ ಅಂಕಿಯೊಂದರ ಮೇಲೆ ಆಯಿಲ್ ಆರಿಸಬಾರದು. ಇನ್ನೊಂದು: 10ರಿಂದ 60ರ ತನಕ ವ್ಯಾಪ್ತಿ ಹಿಗ್ಗಿಸಲು ಪಾಲಿಮರ್ ಹೆಚ್ಚು ಹಾಕಬೇಕು. ಆ ಉದ್ದ ಸರಪಳಿಯಂಥ ಅಣುಗಳು ಓಡುತ್ತ ಓಡುತ್ತ ತುಂಡಾಗುತ್ತವೆ, 60 ಅಂತ ಹಾಕಿದ್ದು ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ 50 ಆಗಿರಬಹುದು. ಅದನ್ನೇ ಕೇಳುವ ಎಂಜಿನ್‌ಗಳು ಇವೆ, ಅವುಗಳ ಸಂದಿ, ಪಂಪ್ ಎಲ್ಲ ಅದಕ್ಕೆಂದೇ ಮಾಡಿದ್ದು. ಬಿ230 ಆ ಸಾಲಿನದಲ್ಲ.

ನಿಮ್ಮ ಬೇರಿಂಗ್‌ಗೆ ಗಟ್ಟಿ ಆಯಿಲ್‌ನ ಊರುಗೋಲು ಬೇಕೇ? ಬೇಡ ಅಂತ ನಿಮ್ಮ ಅಂಕಿಗಳೇ ಹೇಳುತ್ತಿವೆ. 1000 ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್, ಎಂದು ಕೆಲಸದವರೆಲ್ಲ ಹಿಡಿಯುವ ಒಂದು ಸ್ಥೂಲ ಲೆಕ್ಕ ಇದೆ. 3000ಕ್ಕೆ 2.1 ಬಾರ್ ಬೇಕು. ನಿಮಗೆ ಅತಿ ಬಿಸಿಯಲ್ಲೂ 2.6 ಇದೆ. ಮೂರು ಲಕ್ಷ ಓಡಿದ ತಳಭಾಗಕ್ಕೆ (ಕ್ರ್ಯಾಂಕ್, ಬೇರಿಂಗ್ ಇರುವ ಭಾಗ) ಇದು ಬಹಳ ಒಳ್ಳೆಯ ಅಂಕಿ.

ಹಾಗಾಗಿ ನನ್ನ ಉತ್ತರ: ಎಸಿಇಎ ಎ3/ಬಿ4 ಇರುವ ಪೂರ್ಣ ಸಿಂಥೆಟಿಕ್ 5ಡಬ್ಲ್ಯು-40. ಸಾಧ್ಯವಿದ್ದರೆ ಉತ್ಪಾದಕರ ತಾಂತ್ರಿಕ ಹಾಳೆ ತೆರೆದು 100 ಡಿಗ್ರಿ ಅಂಕಿ 14ರ ಮೇಲಿರುವುದನ್ನು ಆರಿಸಿ. 40ರ ವ್ಯಾಪ್ತಿಯಲ್ಲೇ 12.6 ಇರುವ ಆಯಿಲೂ ಉಂಟು, 15 ಇರುವುದೂ ಉಂಟು.

ಆದರೆ ಆಯಿಲ್ ಬದಲಿಸುವ ಮೊದಲು ಇನ್ನೊಂದು ಕೆಲಸ. ಆ ಜಿನುಗು ಮತ್ತು ಆ ನೀಲಿ ಹೊಗೆ ಎರಡಕ್ಕೂ ಒಂದೇ ಮೂಲ ಇರಬಹುದು ಅಂತ ನನ್ನ ಅನುಮಾನ. ಈ ಎಂಜಿನ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಬ್ಲಾಕ್‌ಗೆ ಅಂಟಿಕೊಂಡ ಆಯಿಲ್ ಸೆಪರೇಟರ್ ಪೆಟ್ಟಿಗೆ ಇದೆ, ಅದರ ಮೇಲ್ಗಡೆ ಕೊಳವೆಯಲ್ಲಿ ಫ್ಲೇಮ್ ಟ್ರ್ಯಾಪ್ ಎಂಬ ಸಣ್ಣ ಜಾಲರಿ ಇದೆ. ಅದು ಮಸಿಯಿಂದ ಕಟ್ಟಿಕೊಂಡರೆ ಪಿಸ್ಟನ್ ಪಕ್ಕದಿಂದ ಇಳಿಯುವ ಅನಿಲಕ್ಕೆ ಹೊರದಾರಿ ಇರುವುದಿಲ್ಲ. ಕ್ರ್ಯಾಂಕ್‌ಕೇಸ್ ಒಳಗೆ ಒತ್ತಡ ಏರುತ್ತದೆ, ಸೀಲ್‌ಗಳ ಮೂಲಕ ಆಯಿಲ್ ಹೊರಗೆ ತಳ್ಳುತ್ತದೆ, ಟರ್ಬೊದಿಂದ ಸಂಪ್‌ಗೆ ಇಳಿಯಬೇಕಾದ ಆಯಿಲ್ ಇಳಿಯದೆ ನಿಲ್ಲುತ್ತದೆ. ನಿಂತ ಆಯಿಲ್ ಟರ್ಬೊ ಸೀಲ್ ದಾಟಿ ಎಕ್ಸಾಸ್ಟ್ ಸೇರುತ್ತದೆ. ವಾಲ್ವ್ ಸೀಲ್ ಹೊಸದು ಎಂದಿರಿ, ಹಾಗಾದರೆ ಐಡಲ್ ನಂತರದ ಹೊಗೆಗೆ ಇದೇ ದಾರಿ ಹೆಚ್ಚು ಸಾಧ್ಯ. ಬೂಸ್ಟ್ ಏರಿಸಿದ್ದರಿಂದ ಇಳಿಯುವ ಅನಿಲವೂ ಹೆಚ್ಚಾಗಿದೆ.

ಪರೀಕ್ಷೆ ಸುಲಭ. ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು ಬಾಯಿಗೆ ತೆಳು ರಬ್ಬರ್ ಕೈಗವಸು ಕಟ್ಟಿ. ಉಬ್ಬಿದರೆ ಕಟ್ಟಿಕೊಂಡಿದೆ ಅಂತ. ಒಳಗೆ ಎಳೆದುಕೊಂಡರೆ ಸರಿ ಇದೆ. ನೋಡಿ ಬರೆಯಿರಿ. ಡಿಪ್‌ಸ್ಟಿಕ್ ಎಳೆದು ಮೂಸಿಯೂ ನೋಡಿ, ಪೆಟ್ರೋಲ್ ವಾಸನೆ ಇದೆಯಾ?

ಹಳೇಟರ್ಬೊ:

ಕ್ರ್ಯಾಂಕ್‌ಕೇಸ್ ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ತುಂಬ ಧನ್ಯವಾದ.

ಕೈಗವಸು ಕಟ್ಟಿ ನೋಡಿದೆ, ಸ್ವಲ್ಪ ಹೊತ್ತಿನಲ್ಲೇ ಉಬ್ಬಿ ನಿಂತುಕೊಂಡಿತು. ಫ್ಲೇಮ್ ಟ್ರ್ಯಾಪ್ ಬಿಚ್ಚಿದರೆ ಜಾಲರಿಯೇ ಕಾಣುತ್ತಿಲ್ಲ, ಪೂರ್ತಿ ಕಪ್ಪು ಗಸಿ. ಸೆಪರೇಟರ್ ಪೆಟ್ಟಿಗೆ, ಕೊಳವೆ ಎಲ್ಲ ಹೊಸದು ತರಿಸಿದ್ದೇನೆ.

ಡಿಪ್‌ಸ್ಟಿಕ್ ವಾಸನೆ ಬಗ್ಗೆ ಕೇಳಿದಿರಿ. ಟ್ರ್ಯಾಕ್‌ನಿಂದ ಬಂದ ಮೇಲೆ ಪೆಟ್ರೋಲ್ ವಾಸನೆ ಚೆನ್ನಾಗಿಯೇ ಇರುತ್ತದೆ. ಪೂರ್ತಿ ಬೂಸ್ಟ್‌ನಲ್ಲಿ ಗಾಳಿ-ಇಂಧನ ಅನುಪಾತ 10.8 ತೋರಿಸುತ್ತದೆ. ನಾಕ್ (ಇಂಧನ ತಪ್ಪು ಹೊತ್ತಿನಲ್ಲಿ ಸಿಡಿಯುವುದು) ಆಗದಿರಲಿ ಅಂತ ಟ್ಯೂನರ್ ಹಾಗೆ ಇಟ್ಟಿದ್ದಾರೆ.

ಇನ್ನು ಮೂರು ಸಂಗತಿ ಕೇಳಲೇ? ಜಿಂಕ್ ಇರುವ ಆಯಿಲ್ ಬೇಕು, ಹೊಸ ಆಯಿಲ್‌ಗಳಲ್ಲಿ ಅದು ಇಲ್ಲ, ಕ್ಯಾಮ್ ಸವೆಯುತ್ತದೆ ಅಂತ ಓದಿದೆ. ಡೀಸೆಲ್ ಆಯಿಲ್ ಹಾಕು ಅನ್ನುವವರ ವಾದವೂ ಇದೇ. ಹಳೇ ಎಂಜಿನ್‌ಗೆ ಪೂರ್ಣ ಸಿಂಥೆಟಿಕ್ ಹಾಕಿದರೆ ಸೋರಿಕೆ ಹೆಚ್ಚಾಗುತ್ತದೆ ಅನ್ನುವುದು ನಿಜವಾ? ಮತ್ತೆ, ಟ್ರ್ಯಾಕ್ ದಿನಕ್ಕೆ ಬೇರೆ ಆಯಿಲ್ ಬೇಕಾ?

ಲ್ಯಾಬ್‌ಮೇಜು:

ಬಳಸಿದ ಆಯಿಲ್ ಪರೀಕ್ಷಿಸುವುದೇ ನನ್ನ ವೃತ್ತಿ, ಅದಕ್ಕೆ ಈ ಭಾಗಕ್ಕೆ ನಾನು ಉತ್ತರಿಸುತ್ತೇನೆ. ಕ್ರ್ಯಾಂಕ್‌ಕೇಸ್ ಅವರ 5ಡಬ್ಲ್ಯು-40 ಆಯ್ಕೆಗೆ ನನ್ನ ಒಪ್ಪಿಗೆ ಇದೆ.

ಮೊದಲು ಪೆಟ್ರೋಲ್ ವಾಸನೆ, ಏಕೆಂದರೆ ನಿಮ್ಮ ವಿಷಯದಲ್ಲಿ ಜಿಂಕ್‌ಗಿಂತ ಇದು ಮುಖ್ಯ. 10.8 ಅಂದರೆ ಅಗತ್ಯಕ್ಕಿಂತ ಇಂಧನ ಹೆಚ್ಚು. ಸುಡದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದುಕೊಂಡು ಸಂಪ್‌ಗೆ ಇಳಿಯುತ್ತದೆ. ಶೇಕಡಾ 4–5 ಪೆಟ್ರೋಲ್ ಸೇರಿದರೆ 40 ಆಯಿಲ್ 30ರ ವ್ಯಾಪ್ತಿಗೆ ಜಾರಿಬಿಡಬಲ್ಲದು. ಆಗ ಡಬ್ಬದ ಮೇಲೆ ಏನು ಬರೆದಿತ್ತು ಎಂಬುದಕ್ಕೆ ಬೆಲೆ ಉಳಿಯುವುದಿಲ್ಲ. 126 ಡಿಗ್ರಿಯಲ್ಲಿ ನಿಮ್ಮ ಒತ್ತಡ ಇಳಿದದ್ದಕ್ಕೆ ಬಿಸಿಯ ಜೊತೆ ಇದರ ಪಾಲೂ ಇರಬಹುದು. ಟ್ಯೂನರ್ ಬಳಿ ಹೋಗಿ ಅನುಪಾತವನ್ನು 11.5ರ ಆಸುಪಾಸಿಗೆ ತರಲು ಆಗುತ್ತದಾ ಕೇಳಿ, ನಾಕ್ ಗಮನಿಸುತ್ತಲೇ ಮಾಡಬೇಕು. ಇಂಜೆಕ್ಟರ್ ಸೋರುತ್ತಿಲ್ಲ ಎಂಬುದನ್ನೂ ನೋಡಿಸಿ. ಟ್ಯೂನ್ ಸರಿಮಾಡುವುದು ಬಿಟ್ಟು ಅದರ ಮೇಲೆ 60 ಆಯಿಲ್ ಸುರಿಯುವುದು ಪರಿಹಾರ ಅಲ್ಲ.

ಈಗ ಜಿಂಕ್. ಇದರ ಪೂರ್ತಿ ಹೆಸರು ಜಿಂಕ್ ಡೈಆಲ್ಕೈಲ್ ಡೈಥಯೋಫಾಸ್ಫೇಟ್, ರೂಢಿಯಲ್ಲಿ ಜೆಡ್‌ಡಿಡಿಪಿ. ಲೋಹಕ್ಕೆ ಲೋಹ ತಾಗುವ ಜಾಗದಲ್ಲಿ ಬಿಸಿಗೂ ಒತ್ತಡಕ್ಕೂ ಒಡೆದು ಒಂದು ತೆಳು ರಕ್ಷಾಪದರ ಕಟ್ಟುತ್ತದೆ. ಇದರಲ್ಲಿರುವ ಫಾಸ್ಫರಸ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹಾನಿ ಮಾಡುವುದರಿಂದ ಇಂಧನ ಉಳಿಸುವ ತೆಳು ದರ್ಜೆಗಳಲ್ಲಿ ಅದನ್ನು ಶೇಕಡಾ 0.08ಕ್ಕೆ ಮಿತಿಗೊಳಿಸಿದ್ದಾರೆ. ಗಮನಿಸಿ, ಆ ಎಪಿಐ ಮಿತಿ 5ಡಬ್ಲ್ಯು-30, 5ಡಬ್ಲ್ಯು-20 ಇಂಥವಕ್ಕೆ. 40 ಮತ್ತು 50 ದರ್ಜೆಗೆ ಅದು ಅನ್ವಯಿಸುವುದಿಲ್ಲ. ಎ3/ಬಿ4 ಇರುವ 5ಡಬ್ಲ್ಯು-40ಗಳಲ್ಲಿ ಫಾಸ್ಫರಸ್ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಬಿ230ರ ಕ್ಯಾಮ್ ಚಪ್ಪಟೆ ಬಕೆಟ್ ಮೇಲೆ ಜಾರುತ್ತದೆ ನಿಜ, ಆದರೆ ಆ ಎಂಜಿನ್‌ಗೆ ಇಷ್ಟು ಸಾಕು. ಬೇರೆ ಶೀಷೆಯಲ್ಲಿ ಮಾರುವ ಜಿಂಕ್ ಸೇರ್ಪಡೆ ಸುರಿಯಬೇಡಿ. ಆಯಿಲ್ ಒಳಗಿನ ಡಿಟರ್ಜೆಂಟ್ (ಒಳಭಾಗ ಶುಚಿ ಇಡುವುದು), ಡಿಸ್ಪರ್ಸಂಟ್ (ಕೊಳೆಯನ್ನು ತೇಲಿಸಿಡುವುದು), ಜಿಂಕ್ ಎಲ್ಲವೂ ಒಂದೇ ಲೋಹದ ಮೈಗಾಗಿ ಪೈಪೋಟಿ ನಡೆಸುತ್ತವೆ, ತಯಾರಕರು ಅಳೆದು ತೂಗಿ ಹೊಂದಿಸಿರುತ್ತಾರೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದರ ಕೆಲಸ ಕೆಡುತ್ತದೆ.

ಡೀಸೆಲ್ ಆಯಿಲ್ ವಾದವೂ ಇದೇ ಕಾರಣಕ್ಕೆ ಸೊರಗುತ್ತದೆ. ಅದರಲ್ಲಿ ಜಿಂಕ್ ಹೆಚ್ಚಿರಬಹುದು, ಜೊತೆಗೆ ಮಸಿ ಹಿಡಿದಿಡಲು ಡಿಸ್ಪರ್ಸಂಟ್, ಡಿಟರ್ಜೆಂಟ್ ಕೂಡ ಹೆಚ್ಚಿರುತ್ತವೆ. ಹಳೇ ಎಂಜಿನ್‌ಗೆ ಹಾಕಿದರೆ ತಕ್ಷಣ ಹಾಳಾಗುವುದಿಲ್ಲ, ಬಹಳ ಜನ ಓಡಿಸಿದ್ದಾರೆ. ಆದರೆ 15ಡಬ್ಲ್ಯು ತಣ್ಣಗಿನ ಸ್ಟಾರ್ಟ್‌ನಲ್ಲಿ ನಿಧಾನ. ನಿಮ್ಮ ಟರ್ಬೊಗೆ ಅದರಿಂದ ಸಿಗುವ ಲಾಭ ನನಗಂತೂ ಕಾಣುವುದಿಲ್ಲ.

ಎಸ್‌ಪಿ ದರ್ಜೆ 2020ರಲ್ಲಿ ಬಂದದ್ದು. ಅದರ ದೊಡ್ಡ ಸುಧಾರಣೆಗಳಲ್ಲಿ ಒಂದು, ಕಡಿಮೆ ವೇಗದಲ್ಲಿ ಹೆಚ್ಚು ಬೂಸ್ಟ್ ಇರುವಾಗ ಕಿಡಿಗೆ ಮುಂಚೆಯೇ ಹೊತ್ತಿಕೊಳ್ಳುವ ತೊಂದರೆಯನ್ನು ತಡೆಯುವುದು. ಆ ತೊಂದರೆ ಮುಖ್ಯವಾಗಿ ಸಿಲಿಂಡರ್ ಒಳಗೇ ನೇರ ಇಂಧನ ಸಿಂಪಡಿಸುವ ಹೊಸ ಟರ್ಬೊ ಎಂಜಿನ್‌ಗಳದ್ದು. ಕ್ಯಾಲ್ಸಿಯಂ ಡಿಟರ್ಜೆಂಟ್ ಅದಕ್ಕೆ ಇಂಬು ಕೊಡುತ್ತದೆಂದು ತಿಳಿದು ಅದರ ಒಂದು ಭಾಗವನ್ನು ಮೆಗ್ನೀಷಿಯಂಗೆ ಬದಲಿಸಿದರು. ನಿಮ್ಮ ಎಂಜಿನ್‌ನಲ್ಲಿ ಇಂಧನ ಬೀಳುವುದು ಇನ್‌ಟೇಕ್ ಪೋರ್ಟ್‌ನಲ್ಲಿ. ಎಸ್‌ಪಿ ಇದ್ದರೆ ತೊಂದರೆ ಏನಿಲ್ಲ, ಅದಕ್ಕಾಗಿ 30 ದರ್ಜೆಗೆ ಇಳಿಯಬೇಕಾದ ಕಾರಣವೂ ಇಲ್ಲ.

ಸೋರಿಕೆಯ ಭಯ ಹಳೇ ಕಾಲದ್ದು. ಮೊದಮೊದಲ ಸಿಂಥೆಟಿಕ್‌ಗಳು ರಬ್ಬರ್ ಸೀಲನ್ನು ಸ್ವಲ್ಪ ಕುಗ್ಗಿಸುತ್ತಿದ್ದವು. ಈಗಿನವಕ್ಕೆ ಎಸ್ಟರ್ ಮುಂತಾದವನ್ನು ಸೇರಿಸಿ ಅದನ್ನು ಸರಿದೂಗಿಸಿರುತ್ತಾರೆ. ಗಟ್ಟಿಯಾಗಿ ಬಿರುಕು ಬಿಟ್ಟ ಸೀಲ್ ಯಾವ ಆಯಿಲ್ ಹಾಕಿದರೂ ಜಿನುಗುತ್ತದೆ. ನಿಮ್ಮದರಲ್ಲಿ ಒಳಗಿನ ಒತ್ತಡ ಇಳಿದ ಮೇಲೆ ಎಷ್ಟು ಉಳಿಯುತ್ತದೆ ನೋಡಿ.

ಗೇರ್‌ಪೆಟ್ಟಿಗೆ:

ಓದಿದೆ. ಹರಿವಿನ ಮಾತು ಸರಿ ಅನ್ನಿಸಿತು. ನನ್ನ ಕಾರು ಓಡುವುದು ಬಹುತೇಕ ಟ್ರ್ಯಾಕ್‌ನಲ್ಲೇ, ತಳಭಾಗವನ್ನು ಸಂದಿ ಹೆಚ್ಚಿಟ್ಟು ಕಟ್ಟಿಸಿದ್ದು. ನನ್ನ ಆಯ್ಕೆ ಅದಕ್ಕೆ ಹೊಂದುತ್ತದೆ, ದಿನಬಳಕೆಯ ಕಾರಿಗೆ ಅದನ್ನೇ ಹೇಳಲಾರೆ. ಅಂದಹಾಗೆ, ಟ್ರ್ಯಾಕ್‌ನಿಂದ ಬಂದು ಎಂಜಿನ್ ಆಫ್ ಮಾಡುವ ಬಗ್ಗೆ ಯಾರೂ ಹೇಳಲಿಲ್ಲವಲ್ಲ.

ಕ್ರ್ಯಾಂಕ್‌ಕೇಸ್:

ಗೇರ್‌ಪೆಟ್ಟಿಗೆ ಅವರೇ, ಸಂದಿ ಹೆಚ್ಚಿಟ್ಟು ಕಟ್ಟಿಸಿದ ಎಂಜಿನ್ ಅಂದರೆ ಲೆಕ್ಕವೇ ಬೇರೆ, ಅಲ್ಲಿ ಗಟ್ಟಿ ಆಯಿಲ್‌ಗೆ ಅರ್ಥ ಇದೆ.

ಆಫ್ ಮಾಡುವ ವಿಷಯ ಎತ್ತಿದ್ದು ಒಳ್ಳೆಯದಾಯಿತು, ಟರ್ಬೊ ಸಾಯುವುದು ಹೆಚ್ಚಾಗಿ ಅಲ್ಲೇ. ಟರ್ಬೊ ಶಾಫ್ಟ್ ಬೂಸ್ಟ್‌ನಲ್ಲಿ ನಿಮಿಷಕ್ಕೆ ಒಂದು ಲಕ್ಷ ಸುತ್ತು ಮೀರಿ ತಿರುಗುತ್ತದೆ, ಅದನ್ನು ತೇಲಿಸಿ ಹಿಡಿದಿರುವುದು ಬರೀ ಆಯಿಲ್ ಪದರ. ಕೆಂಪಗೆ ಕಾದ ಟರ್ಬೈನ್ ಪಕ್ಕದಲ್ಲೇ ಆ ಬೇರಿಂಗ್ ಇದೆ. ಎಂಜಿನ್ ಥಟ್ಟನೆ ನಿಲ್ಲಿಸಿದರೆ ಆಯಿಲ್ ಹರಿವು ನಿಂತಿತು, ಬಿಸಿ ಮಾತ್ರ ಒಳಕ್ಕೆ ನುಗ್ಗುತ್ತದೆ, ಬೇರಿಂಗ್‌ನಲ್ಲಿ ಉಳಿದ ಆಯಿಲ್ ಬೆಂದು ಕರಿಯಾಗಿ ಗಟ್ಟಿಯಾಗುತ್ತದೆ. ನಿಮ್ಮ ಟರ್ಬೊದ ಮಧ್ಯಭಾಗದಲ್ಲಿ ಕೂಲೆಂಟ್ ಹರಿಯುವ ದಾರಿ ಇದೆ, ಎಂಜಿನ್ ನಿಂತ ಮೇಲೂ ಬಿಸಿ ನೀರು ಮೇಲೇರಿ ತಣ್ಣನೆಯದು ಕೆಳಗೆ ಬರುತ್ತ ಒಂದಷ್ಟು ಬಿಸಿ ಹೊರುತ್ತದೆ. ಆ ಎರಡು ಕೊಳವೆಗಳನ್ನು ಟರ್ಬೊ ಬದಲಿಸುವಾಗ ಸರಿಯಾಗಿ ಜೋಡಿಸಿದ್ದಾರಾ ನೋಡಿಕೊಳ್ಳಿ. ಜೋಡಿಸದೆ ಮುಚ್ಚಿಬಿಟ್ಟ ಕಾರುಗಳು ನನ್ನ ಬಳಿ ಬಂದಿವೆ. ಟ್ರ್ಯಾಕ್‌ನಲ್ಲಿ ಕೊನೆಯ ಸುತ್ತು ಬೂಸ್ಟ್ ಇಲ್ಲದೆ ಓಡಿಸಿ, ನಿಂತ ಮೇಲೆ ಒಂದೆರಡು ನಿಮಿಷ ಐಡಲ್ ಬಿಡಿ. ದಿನಬಳಕೆಯಲ್ಲಿ ಕಡೆಯ ಸ್ವಲ್ಪ ದೂರ ನಿಧಾನ ಬಂದರೆ ಅರ್ಧ ನಿಮಿಷ ಸಾಕು.

ಪೂರ್ಣ ಸಿಂಥೆಟಿಕ್ ಅಂತ ನಾನು ಒತ್ತಿ ಹೇಳಿದ್ದೂ ಇದಕ್ಕೇ. ಬಿಸಿಗೆ ಆವಿಯಾಗುವುದು ಕಡಿಮೆ, ಕರಿ ಕಟ್ಟುವುದು ಕಡಿಮೆ. ತಾಂತ್ರಿಕ ಹಾಳೆಯಲ್ಲಿ ನೊಆಕ್ ಎಂಬ ಅಂಕಿ ಇದ್ದರೆ ನೋಡಿ, 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಎಷ್ಟು ಭಾಗ ಆರಿಹೋಗುತ್ತದೆ ಅಂತ. ಎ3/ಬಿ4ಗೆ ಶೇಕಡಾ 13ರ ಒಳಗಿರಬೇಕು. 10ರ ಒಳಗಿದ್ದರೆ ನನಗೆ ಇನ್ನೂ ಇಷ್ಟ.

ಟರ್ಬೊ ಡ್ರೈನ್ ಪೈಪ್ ನೋಡಲೇಬೇಕು. ಟರ್ಬೊದಿಂದ ಇಳಿಯುವ ಆಯಿಲ್ ನೊರೆಯಾಗಿರುತ್ತದೆ, ತಳ್ಳಲು ಒತ್ತಡ ಇರುವುದಿಲ್ಲ, ಬರೀ ತೂಕದಿಂದ ಇಳಿಯಬೇಕು. ಎಲ್ಲೂ ಕುಳಿ ಬೀಳದೆ, ಸೊಟ್ಟ ತಿರುಗದೆ, ಆದಷ್ಟು ನೆಟ್ಟಗೆ, ಅಗಲ ಕಿರಿದಾಗದೆ ಸಂಪ್‌ಗೆ ಇಳಿದಿರಬೇಕು. ಬ್ರೀದರ್ (ಆ ಸೆಪರೇಟರ್, ಫ್ಲೇಮ್ ಟ್ರ್ಯಾಪ್, ಕೊಳವೆ) ಹೊಸದು ಹಾಕಿದ ಮೇಲೂ ಹೊಗೆ ಬಂದರೆ ಮೊದಲು ಇಲ್ಲಿ ಹುಡುಕಿ, ಟರ್ಬೊ ಕೆಟ್ಟಿದೆ ಅಂತ ತೀರ್ಮಾನಿಸುವುದು ಆಮೇಲೆ.

ಟ್ರ್ಯಾಕ್ ದಿನಕ್ಕೆ ಬೇರೆ ಆಯಿಲ್ ಬೇಕಾ ಎಂದು ಕೇಳಿದಿರಿ. ಟ್ಯೂನ್ ಸರಿಯಾಗಿ ಪೆಟ್ರೋಲ್ ಸೇರುವುದು ನಿಂತರೆ, ಗರಿಷ್ಠ ಉಷ್ಣಾಂಶ 120ರ ಒಳಗೆ ಬಂದರೆ, 5ಡಬ್ಲ್ಯು-40 ಎರಡಕ್ಕೂ ಸಾಕು. ಈ ಎಂಜಿನ್ ಸಂಪ್‌ನಲ್ಲಿ ಸುಮಾರು 4 ಲೀಟರ್ ಮಾತ್ರ ಹಿಡಿಯುವುದರಿಂದ ಬೇಗ ಬಿಸಿಯಾಗುತ್ತದೆ. ಕೂಲರ್‌ಗೆ ಗಾಳಿ ನೇರ ಬೀಳುವಂತೆ ತಗಡಿನ ದಾರಿ ಮಾಡಿಸಿ, ಬರೀ ಗ್ರಿಲ್ ಹಿಂದೆ ಇಟ್ಟರೆ ಗಾಳಿ ಪಕ್ಕದಿಂದ ಜಾರಿಹೋಗುತ್ತದೆ. ಇಷ್ಟೆಲ್ಲ ಮಾಡಿಯೂ 125 ದಾಟುತ್ತಿದ್ದರೆ ಆಗ 5ಡಬ್ಲ್ಯು-50ಗೆ ಹೋಗಿ. ಅದಕ್ಕಿಂತ ಮೇಲೆ ಬೇಡ.

ಫಿಲ್ಟರ್‌ನಲ್ಲಿ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ವಾಲ್ವ್ ಇರುವುದನ್ನೇ ಹಾಕಿ. ತಣ್ಣಗೆ ಸ್ಟಾರ್ಟ್ ಮಾಡಿದಾಗ ಒತ್ತಡ ಏಳಲು ತಡವಾಗುತ್ತಿದ್ದರೆ, ಪಂಪ್‌ನಿಂದ ಬ್ಲಾಕ್‌ಗೆ ಹೋಗುವ ಪೈಪ್‌ನ ಎರಡು ತುದಿಯ ರಬ್ಬರ್ ಸೀಲ್ ಗಟ್ಟಿಯಾಗಿರಬಹುದು. ಹಿಂದಿನ ಸೀಲ್‌ಗೆ ಹೇಗೂ ಕೈ ಹಾಕುವವರಿದ್ದರೆ ಸಂಪ್ ಇಳಿಸಿ ಅದನ್ನೂ ಬದಲಿಸಿಬಿಡಿ.

ಹಳೇಟರ್ಬೊ:

ಬ್ರೀದರ್ ಕೂರಿಸಿ ಆಯಿತು. ಈಗ ಕೈಗವಸು ಒಳಗೆ ಎಳೆದುಕೊಳ್ಳುತ್ತಿದೆ. ಐಡಲ್ ನಂತರದ ಹೊಗೆ ಬಹುಪಾಲು ಹೋಗಿದೆ, ಜಿನುಗು ಸ್ವಲ್ಪ ಉಳಿದಿದೆ. ಕೂಲೆಂಟ್ ಕೊಳವೆ ಎರಡೂ ಸರಿ ಇವೆ. ಡ್ರೈನ್ ಪೈಪ್ ನೋಡಿದರೆ ಒಂದು ಕಡೆ ಮ್ಯಾನಿಫೋಲ್ಡ್ ಬ್ರ್ಯಾಕೆಟ್ ಒತ್ತಿ ಚಪ್ಪಟೆಯಾಗಿತ್ತು, ಬದಲಿಸುತ್ತಿದ್ದೇನೆ. ಟ್ಯೂನರ್ ಜೊತೆ ಮಾತಾಡಿದ್ದೇನೆ, ಅನುಪಾತ ಹಂತ ಹಂತವಾಗಿ 11.5ಕ್ಕೆ ತರುತ್ತಾರೆ. ಎ3/ಬಿ4 ಇರುವ 5ಡಬ್ಲ್ಯು-40 ತಂದಿಟ್ಟಿದ್ದೇನೆ, ಹಾಳೆಯಲ್ಲಿ 100 ಡಿಗ್ರಿಗೆ 14.3 ಅಂತಿದೆ.

ಲ್ಯಾಬ್‌ಮೇಜು ಅವರೇ, ಈಗಿನ ಆಯಿಲ್ ಇಳಿಸುವಾಗ ಮಾದರಿ ತೆಗೆದು ಪರೀಕ್ಷೆಗೆ ಕಳಿಸಬೇಕು ಅಂತಿದ್ದೇನೆ. ಹೇಗೆ ತೆಗೆಯಬೇಕು, ವರದಿಯಲ್ಲಿ ಯಾವುದನ್ನು ನೋಡಬೇಕು?

ಲ್ಯಾಬ್‌ಮೇಜು:

ಖಂಡಿತ ಕಳಿಸಿ. ಎಂಜಿನ್ ಓಡಿಸಿ ಬಿಸಿ ಮಾಡಿ, ಡ್ರೈನ್ ಬೋಲ್ಟ್ ಸುತ್ತ ಮೊದಲು ಒರೆಸಿ. ಬಿಚ್ಚಿದಾಗ ಮೊದಲು ಬರುವ ಆಯಿಲನ್ನು ಬಿಟ್ಟುಬಿಡಿ, ಅದರಲ್ಲಿ ತಳದ ಕೊಳೆ ಇರುತ್ತದೆ. ನಡುವಿನ ಧಾರೆಯಿಂದ ಒಣಗಿದ ಶುಭ್ರ ಶೀಷೆಗೆ ಹಿಡಿಯಿರಿ. ಕೊನೆಯದೂ ಬೇಡ. ತಕ್ಷಣ ಬಿಗಿಯಾಗಿ ಮುಚ್ಚಿ, ಇಲ್ಲದಿದ್ದರೆ ಪೆಟ್ರೋಲ್ ಆರಿ ಅಂಕಿ ಕಡಿಮೆ ತೋರಿಸುತ್ತದೆ. ಆ ಆಯಿಲ್ ಎಷ್ಟು ಕಿಲೋಮೀಟರ್ ಓಡಿತು, ನಡುವೆ ಎಷ್ಟು ತುಂಬಿದಿರಿ ಎಂಬುದನ್ನೂ ಬರೆದು ಕಳಿಸಿ.

ವರದಿಯಲ್ಲಿ ಮೊದಲು 100 ಡಿಗ್ರಿ ವಿಸ್ಕಾಸಿಟಿ (ಮಂದತನ) ಮತ್ತು ಪೆಟ್ರೋಲ್ ಶೇಕಡಾವಾರು ನೋಡಿ. 12.5ಕ್ಕಿಂತ ಕೆಳಗೆ ಬಂದಿದ್ದರೆ 40 ದರ್ಜೆಯಿಂದ ಹೊರಗೆ ಬಿದ್ದಿದೆ ಅಂತ. ಪೆಟ್ರೋಲ್ ಶೇಕಡಾ 2 ದಾಟಿದರೆ ಎಚ್ಚರ. ಸೀಸ, ತಾಮ್ರ, ತವರ ಒಟ್ಟಿಗೆ ಏರಿದ್ದರೆ ಬೇರಿಂಗ್ ಸವೆಯುತ್ತಿರಬಹುದು, ಕಬ್ಬಿಣ ಏರಿದ್ದರೆ ಕ್ಯಾಮ್ ಅಥವಾ ಸಿಲಿಂಡರ್ ಗೋಡೆ. ಸಿಲಿಕಾನ್ ಹೆಚ್ಚಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಬರುತ್ತಿದೆ, ಆದರೆ ಇತ್ತೀಚೆಗೆ ಸಿಲಿಕೋನ್ ಸೀಲಂಟ್ ಬಳಸಿದ್ದರೂ ಹಾಗೇ ತೋರಿಸುತ್ತದೆ. ಸೋಡಿಯಂ, ಪೊಟ್ಯಾಸಿಯಂ ಕಂಡರೆ ಕೂಲೆಂಟ್ ಸೇರುತ್ತಿದೆಯಾ ಅಂತ ಅನುಮಾನಿಸಿ, ಹೆಡ್ ಇಳಿಸಿದ ಎಂಜಿನ್ ಆದ್ದರಿಂದ ಹೇಳುತ್ತಿದ್ದೇನೆ.

ಒಂದೇ ವರದಿಯಿಂದ ಹೆಚ್ಚು ತಿಳಿಯುವುದಿಲ್ಲ. ಹೊಸ 5ಡಬ್ಲ್ಯು-40ರ ಬಳಸದ ಮಾದರಿಯನ್ನೂ ಒಂದು ಶೀಷೆಯಲ್ಲಿ ಎತ್ತಿಟ್ಟು ಜೊತೆಗೆ ಕಳಿಸಿ. ಮುಂದಿನ ಬದಲಾವಣೆಯಲ್ಲಿ ಇಳಿಸಿದ್ದನ್ನು ಅದರ ಪಕ್ಕ ಇಟ್ಟು ನೋಡಬಹುದು. ಈ ಮೊದಲ ಸಲ ಮಾತ್ರ 5000 ತನಕ ಕಾಯದೆ, ಟ್ಯೂನ್ ಮುಗಿದು ಒಂದು ಟ್ರ್ಯಾಕ್ ದಿನ ಆದ ಕೂಡಲೇ ಮಾದರಿ ತೆಗೆಯಿರಿ. ಎರಡೂ ವರದಿ ಬಂದ ಮೇಲೆ ಅಂಕಿಗಳನ್ನು ಇಲ್ಲೇ ಹಾಕಿ, 40ರಲ್ಲಿ ಉಳಿಯುವುದಾ, 50ಕ್ಕೆ ಹೋಗುವುದಾ ಅಂತ ಅವನ್ನು ನೋಡಿಕೊಂಡೇ ಹೇಳುತ್ತೇನೆ.